ನೌಕರಿಯ ನೆರಳಿನ ವಿಮೆ

(ಪುಣೆಯಲ್ಲಿ ನಡೆದ ಕುಟುಂಬ ಸಮ್ಮಿಲನವೊಂದರಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನೌಕರರ ಸಮೂಹ ವಿಮೆ ಮತ್ತು ಸೌಲಭ್ಯಗಳಲ್ಲಿ ಇತ್ತೀಚೆಗೆ ಏನೇನು ಬದಲಾವಣೆಗಳಾಗುತ್ತಿವೆ ಎಂಬುದನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಇದು ಕಂಪನಿಯ ಅಧಿಕಾರಿಗಳು ಕೇಳಬೇಕಾದ ವಿಷಯ, ಕುಟುಂಬಗಳ ಸಭೆಯಲ್ಲಿ ಇದರದೇನು ಕೆಲಸ ಎಂದು ಕೆಲವರಿಗೆ ಅನಿಸಿರಬಹುದು. ಆದರೆ ಈ ಸಭಾಂಗಣವನ್ನು ಒಮ್ಮೆ ನೋಡಿ. ಇಲ್ಲಿ ಸಂಬಳ ಪಡೆಯುವವರಿದ್ದಾರೆ, ಸಂಬಳ ಕೊಡುವವರೂ ಇದ್ದಾರೆ. ಇವರಿಬ್ಬರೂ ಸೇರಿ ಯಾರ ಚಿಂತೆಯನ್ನು ಹೊತ್ತು ಬಂದಿದ್ದಾರೋ ಆ ತಂದೆತಾಯಿಗಳು ಮಾತ್ರ ಕಾರ್ಕಳದಲ್ಲೋ ಮೂಡುಬಿದಿರೆಯಲ್ಲೋ ಬೆಳಗಾವಿಯ ಹಳ್ಳಿಯಲ್ಲೋ ಇದ್ದಾರೆ. ನಾನು ಹೇಳಲಿರುವ ಬದಲಾವಣೆಗಳ ಭಾರ ಹೆಚ್ಚಾಗಿ ಬೀಳುತ್ತಿರುವುದು ಅವರ ಮೇಲೆ.

ಮೊದಲು, ಸಮೂಹ ವಿಮೆ ಎಂದರೆ ಏನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಇದು ನಿಮಗೂ ವಿಮಾ ಕಂಪನಿಗೂ ಆದ ಒಪ್ಪಂದವಲ್ಲ. ನಿಮ್ಮ ಮಾಲೀಕರಿಗೂ ವಿಮಾ ಕಂಪನಿಗೂ ಆದ, ಒಂದು ವರ್ಷದ ಒಪ್ಪಂದ. ನೀವು ಅದರಲ್ಲಿ ಹೆಸರು ಸೇರಿಸಲ್ಪಟ್ಟ ಸದಸ್ಯರು, ಅಷ್ಟೆ. ಪ್ರತಿ ವರ್ಷ ನವೀಕರಣದ ಸಮಯದಲ್ಲಿ ಮಾಲೀಕರು ಷರತ್ತುಗಳನ್ನು ಬದಲಾಯಿಸಬಹುದು, ಕಂಪನಿಯನ್ನೇ ಬದಲಾಯಿಸಬಹುದು, ನಿಮ್ಮ ಒಪ್ಪಿಗೆ ಬೇಕಾಗಿಲ್ಲ. ಇದು ಅದರ ದೌರ್ಬಲ್ಯ. ಅದರ ಬಲವೂ ದೊಡ್ಡದೇ. ವೈದ್ಯಕೀಯ ಪರೀಕ್ಷೆ ಇರುವುದಿಲ್ಲ. ಮಧುಮೇಹ, ರಕ್ತದೊತ್ತಡದಂತಹ ಮೊದಲೇ ಇದ್ದ ಕಾಯಿಲೆಗಳಿಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಸಿಗುತ್ತದೆ. ಹೆರಿಗೆ ವೆಚ್ಚ ಸೇರಿರುತ್ತದೆ. ಸ್ವಂತ ಪಾಲಿಸಿಗೆ ಅರ್ಜಿ ಹಾಕಿದರೆ ನಿರಾಕರಣೆ ಪಡೆಯಬಹುದಾದ ಅರವತ್ತೆಂಟು ವರ್ಷದ ತಂದೆಗೆ ಮಗನ ಕಚೇರಿಯ ಪಾಲಿಸಿಯಲ್ಲಿ ಸುಲಭವಾಗಿ ಸ್ಥಾನ ಸಿಗುತ್ತಿದ್ದುದು ಈ ಕಾರಣದಿಂದ.

ಆ ಸ್ಥಾನವೇ ಈಗ ಅಲುಗಾಡುತ್ತಿದೆ.

ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಮೆಡಿಕ್ಲೇಮ್ ಬಂದದ್ದು 1986ರಲ್ಲಿ. ಬಹುಕಾಲ ಅದು ದೊಡ್ಡ ಕಂಪನಿಗಳ ನೌಕರರ ಸೌಲಭ್ಯವೆಂದೇ ಪರಿಗಣಿತವಾಗಿತ್ತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ನಿರ್ಬಂಧಗಳ ನಡುವೆ ಕೆಲಸ ಪುನರಾರಂಭಿಸುವ ಸಂಸ್ಥೆಗಳು ನೌಕರರಿಗೆ ವೈದ್ಯಕೀಯ ವಿಮೆ ಮಾಡಿಸಬೇಕೆಂದು ಕೇಂದ್ರ ಗೃಹ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು. ಹತ್ತಿಪ್ಪತ್ತು ಜನರಿರುವ ಸಂಸ್ಥೆಗಳೂ ಅಂದು ಮೊದಲ ಬಾರಿಗೆ ಸಮೂಹ ಪಾಲಿಸಿ ಕೊಂಡವು. ಇಂದು ದೇಶದ ಆರೋಗ್ಯ ವಿಮೆಯ ಒಟ್ಟು ಕಂತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಮೂಹ ಪಾಲಿಸಿಗಳಿಂದಲೇ ಬರುತ್ತದೆ. ಆದರೆ ಆಸ್ಪತ್ರೆಯ ಬಿಲ್ಲುಗಳು ಏರಿದಂತೆ ಪರಿಹಾರದ ಬೇಡಿಕೆಗಳೂ ಏರಿದವು. ಸಮೂಹ ಪಾಲಿಸಿಯ ಕಂತು ನಿರ್ಧಾರವಾಗುವುದು ಕಳೆದ ವರ್ಷ ಆ ಸಮೂಹ ಎಷ್ಟು ಪರಿಹಾರ ಪಡೆಯಿತು ಎಂಬುದರ ಮೇಲೆ. ಸಮೂಹದಲ್ಲಿ ಹೆಚ್ಚು ಖರ್ಚು ತರುವವರು ಯಾರು? ಇಪ್ಪತ್ತೆಂಟರ ನೌಕರನಲ್ಲ, ಅವನ ತಂದೆತಾಯಿ. ಮಂಡಿ ಬದಲಾವಣೆ, ಹೃದಯದ ಸ್ಟೆಂಟ್, ಕಣ್ಣಿನ ಪೊರೆ, ಡಯಾಲಿಸಿಸ್.

ಆದುದರಿಂದ ಮಾಲೀಕರು ಮೂರು ನಾಲ್ಕು ಮಾರ್ಗಗಳನ್ನು ಹಿಡಿದಿದ್ದಾರೆ. ತಂದೆತಾಯಿಯರನ್ನು ಮೂಲ ಪಾಲಿಸಿಯಿಂದ ತೆಗೆದು, ಬೇಕಾದವರು ಸ್ವಂತ ಹಣದಿಂದ ಸೇರಿಸಿಕೊಳ್ಳಲಿ ಎನ್ನುವುದು ಒಂದು. ಉಳಿಸಿಕೊಂಡರೂ ಬಿಲ್ಲಿನ ಶೇಕಡಾ 10 ಅಥವಾ 20 ಭಾಗವನ್ನು ನೌಕರನೇ ಭರಿಸಬೇಕೆಂಬ ಷರತ್ತು ಹಾಕುವುದು ಇನ್ನೊಂದು. ಪೊರೆ, ಮಂಡಿ ಮುಂತಾದ ಚಿಕಿತ್ಸೆಗಳಿಗೆ ಪ್ರತ್ಯೇಕ ಮಿತಿ ನಿಗದಿಪಡಿಸುವುದು ಮತ್ತೊಂದು. ಇದೆಲ್ಲಕ್ಕೂ ‘ಆಯ್ಕೆಯ ಸ್ವಾತಂತ್ರ್ಯ’ ಎಂಬ ಚಂದದ ಹೆಸರಿದೆ. ಅದೇ ಪತ್ರದ ಕೆಳಭಾಗದಲ್ಲಿ ಉಚಿತ ಯೋಗ ಆ್ಯಪ್, ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆದವರಿಗೆ ಬಹುಮಾನ ಎಂದು ಬರೆದಿರುತ್ತದೆ. ಯೋಗ ಒಳ್ಳೆಯದೇ. ಆದರೆ ತಾಯಿಯ ಡಯಾಲಿಸಿಸ್‌ಗೆ ಅದು ಬದಲಿಯಲ್ಲ.

ಇಲ್ಲಿ ಒಂದು ತೆರಿಗೆಯ ಸಂಗತಿಯನ್ನು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮಾ ಪಾಲಿಸಿಗಳ ಮೇಲಿನ ಜಿಎಸ್‌ಟಿಯನ್ನು ರದ್ದುಪಡಿಸಲಾಯಿತು. ಕುಟುಂಬದ ಒಟ್ಟು ಪಾಲಿಸಿ, ಹಿರಿಯ ನಾಗರಿಕರ ಪಾಲಿಸಿಗಳೂ ಇದರಲ್ಲಿ ಸೇರಿವೆ. ಸಮೂಹ ಪಾಲಿಸಿಗಳಿಗೆ ಮಾತ್ರ ಶೇಕಡಾ 18 ಹಾಗೆಯೇ ಉಳಿಯಿತು. ಕಾನೂನು ಕಡ್ಡಾಯಪಡಿಸಿದ ಸಂದರ್ಭಗಳನ್ನು ಬಿಟ್ಟರೆ ಮಾಲೀಕನಿಗೆ ಆ ತೆರಿಗೆಯ ಜಮೆಯೂ ದೊರೆಯುವುದಿಲ್ಲ. ಪರಿಣಾಮವೇನಾಯಿತು ನೋಡಿ. ಕಚೇರಿಯ ಪಾಲಿಸಿಯಲ್ಲಿ ತಂದೆತಾಯಿಯರಿಗಾಗಿ 40,000 ರೂಪಾಯಿ ಕಂತು ಸಂಬಳದಿಂದ ಕಡಿತವಾಗುತ್ತಿದ್ದರೆ ಅದರ ಮೇಲೆ 7,200 ರೂಪಾಯಿ ತೆರಿಗೆ ಬೀಳುತ್ತದೆ. ಅದೇ ಮಗ ಹೊರಗೆ ಪಾಲಿಸಿ ಕೊಂಡರೆ ತೆರಿಗೆ ಸೊನ್ನೆ. ಆದರೆ ಹೊರಗೆ ಕೊಳ್ಳಲು ಹೋದರೆ ವಯಸ್ಸು ಮತ್ತು ಹಳೆಯ ಕಾಯಿಲೆ ಅಡ್ಡ ಬರುತ್ತವೆ. ಅಂದರೆ ಹೊರಗೆ ವಿಮೆ ಸಿಗದ, ಆದ್ದರಿಂದ ಸಮೂಹಕ್ಕೆ ಅಂಟಿಕೊಳ್ಳಲೇಬೇಕಾದ ರೋಗಿಷ್ಟ ವೃದ್ಧರ ಮೇಲೆಯೇ ತೆರಿಗೆ ಉಳಿದಿದೆ. ವೈಯಕ್ತಿಕ ಪಾಲಿಸಿಗೆ ಕೊಟ್ಟ ವಿನಾಯಿತಿಯನ್ನು ನಾನು ಸ್ವಾಗತಿಸುತ್ತೇನೆ. ಅದೇ ನ್ಯಾಯವನ್ನು ಸಣ್ಣ ಸಂಸ್ಥೆಗಳ ಸಮೂಹ ಪಾಲಿಸಿಗಾದರೂ ಏಕೆ ಕೊಡಬಾರದು ಎಂಬ ಪ್ರಶ್ನೆಯನ್ನು ನಮ್ಮ ವ್ಯಾಪಾರಿ ಸಂಘಗಳು ಕೇಳಬೇಕು.

ಹಿರಿಯರ ಬಗ್ಗೆ ಇನ್ನೊಂದು ಮಾತು. 2024ರ ಅಕ್ಟೋಬರ್ 29ರಿಂದ ಆಯುಷ್ಮಾನ್ ಭಾರತ ಯೋಜನೆಯನ್ನು 70 ವರ್ಷ ದಾಟಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ವಿಸ್ತರಿಸಲಾಗಿದೆ. ಖಾಸಗಿ ವಿಮೆ ಇದ್ದವರೂ ಅರ್ಹರು. ಅನುಷ್ಠಾನ ರಾಜ್ಯ ಸರ್ಕಾರಗಳ ಕೈಯಲ್ಲಿರುವುದರಿಂದ, ತಂದೆತಾಯಿಯರು ಇರುವ ಊರಿನ ಸಮೀಪದ ಯಾವ ಆಸ್ಪತ್ರೆಯಲ್ಲಿ ಇದು ನಡೆಯುತ್ತದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಡಬೇಕು. ‘ನಮಗೇಕೆ ಬಡವರ ಕಾರ್ಡು’ ಎಂಬ ಬಿಂಕ ನಮ್ಮ ಮನೆಗಳಲ್ಲಿ ಸ್ವಲ್ಪ ಇದೆ. ಅದು ಬಡವರ ಕಾರ್ಡಲ್ಲ, ಎಪ್ಪತ್ತು ದಾಟಿದವರ ಕಾರ್ಡು.

ಊರಿನ ಆಸ್ಪತ್ರೆ ವಿಮಾ ಕಂಪನಿಯ ಪಟ್ಟಿಯಲ್ಲಿಲ್ಲ ಎಂಬುದು ಪರಸ್ಥಳದಲ್ಲಿರುವ ನಮ್ಮ ಎಂದಿನ ಗೋಳು. 2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಮಂಡಳಿ ಇದಕ್ಕೊಂದು ದಾರಿ ತೆರೆಯಿತು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿಯೂ ಕ್ಯಾಶ್‌ಲೆಸ್ ಕೋರಬಹುದು. ಯೋಜಿತ ಶಸ್ತ್ರಚಿಕಿತ್ಸೆಯಾದರೆ 48 ಗಂಟೆ ಮೊದಲು, ತುರ್ತಾದರೆ ದಾಖಲಾದ 48 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಆಸ್ಪತ್ರೆಯೂ ಒಪ್ಪಬೇಕು, ಕೊರತೆ ಇರುವುದು ಅಲ್ಲಿ. ಅದೇ ವರ್ಷದ ಮೇ ತಿಂಗಳ ಸುತ್ತೋಲೆಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕೆಂದು ವಿಧಿಸಿದೆ. ಬಿಲ್ಲಿನ ಕೌಂಟರಿನ ಮುಂದೆ ಸಂಜೆಯವರೆಗೆ ಕುಳಿತು ಅಭ್ಯಾಸವಾದವರಿಗೆ ಈ ನಿಯಮ ತಿಳಿದಿರಬೇಕು. ತಡವಾದದ್ದರಿಂದ ಆಸ್ಪತ್ರೆ ಹೆಚ್ಚುವರಿ ಶುಲ್ಕ ವಿಧಿಸಿದರೆ ಅದನ್ನು ವಿಮಾ ಕಂಪನಿಯೇ ಭರಿಸಬೇಕು.

ಇನ್ನು ಕೋಣೆಯ ಬಾಡಿಗೆಯ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟಿದವು. ನಿಮ್ಮ ವಿಮಾ ಮೊತ್ತ 3 ಲಕ್ಷ, ಕೋಣೆಯ ಮಿತಿ ಅದರ ಶೇಕಡಾ ಒಂದು, ಅಂದರೆ ದಿನಕ್ಕೆ 3,000 ಎಂದಿಟ್ಟುಕೊಳ್ಳಿ. ನೀವು 6,000 ರೂಪಾಯಿಯ ಕೋಣೆಯಲ್ಲಿ ಐದು ದಿನ ಇದ್ದಿರಿ. ದಿನಕ್ಕೆ 3,000ದಂತೆ 15,000 ರೂಪಾಯಿ ಕೈಯಿಂದ ಹೋಗುತ್ತದೆ, ಅಷ್ಟೇ ತಾನೆ ಎಂದು ಭಾವಿಸುತ್ತೀರಿ. ಹಾಗಲ್ಲ. ಅನೇಕ ಪಾಲಿಸಿಗಳಲ್ಲಿ ಶಸ್ತ್ರಚಿಕಿತ್ಸಕರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆಯ ವೆಚ್ಚ ಇವೆಲ್ಲವೂ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಯುತ್ತವೆ. ಅವು 1,20,000 ಆಗಿದ್ದರೆ ಸಿಗುವುದು 60,000. ಔಷಧ, ಪರೀಕ್ಷೆ, ದೇಹದಲ್ಲಿ ಅಳವಡಿಸುವ ಸಾಧನಗಳಿಗೆ ಈ ಕಡಿತ ಅನ್ವಯಿಸಬಾರದೆಂದು ಪ್ರಾಧಿಕಾರದ ನಿಯಮವಿದೆ. ಅವುಗಳ 80,000 ಪೂರ್ತಿ ಸಿಗುತ್ತದೆ. ಒಟ್ಟು ಬಿಲ್ಲು 2,30,000, ಸಿಕ್ಕಿದ್ದು 1,55,000. ವಿಮಾ ಮೊತ್ತ 3 ಲಕ್ಷವಿದ್ದೂ ಮನೆಯಿಂದ ಹೋದದ್ದು 75,000. ಕಿಟಕಿಯ ಹೊರಗೆ ಮರ ಕಾಣುವ ಕೋಣೆಗೆ ಇದು ದುಬಾರಿ ಬೆಲೆ. ಕೋಣೆಯ ದರ್ಜೆಗನುಗುಣವಾಗಿ ಬೇರೆ ಬೇರೆ ದರ ವಿಧಿಸದ ಆಸ್ಪತ್ರೆಯಲ್ಲಿ ಈ ಪ್ರಮಾಣ ಕಡಿತವನ್ನು ಮಾಡುವಂತಿಲ್ಲ ಎಂಬುದನ್ನೂ ನೆನಪಿಡಿ. ಹೊಸ ಕಚೇರಿಗೆ ಸೇರಿದಾಗ ವಿಮಾ ಮೊತ್ತ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಕೋಣೆಯ ಮಿತಿ ಎಷ್ಟು ಎಂದು ಕೇಳುವವರು ವಿರಳ.

ನೌಕರಿ ಹೋದ ದಿನ ಈ ನೆರಳೂ ಹೋಗುತ್ತದೆ. ರಾಜೀನಾಮೆಯಿರಲಿ, ವಜಾ ಇರಲಿ, ನಿವೃತ್ತಿಯಿರಲಿ, ಸಾಮಾನ್ಯವಾಗಿ ಕೊನೆಯ ಕೆಲಸದ ದಿನವೇ ಕೊನೆಯ ರಕ್ಷಣೆಯ ದಿನ. ಹೈದರಾಬಾದು, ಪುಣೆ, ಚೆನ್ನೈಗಳ ತಂತ್ರಾಂಶ ಕಂಪನಿಗಳಲ್ಲಿ ನಲವತ್ತೈದರ ಆಸುಪಾಸಿನವರನ್ನು ಮನೆಗೆ ಕಳುಹಿಸುವ ಕಾಲವಿದು. ಆ ವಯಸ್ಸಿಗೆ ಅವನಿಗೆ ರಕ್ತದೊತ್ತಡ ಬಂದಿರುತ್ತದೆ, ಮಗಳು ಕಾಲೇಜಿನಲ್ಲಿರುತ್ತಾಳೆ, ತಂದೆಗೆ ಹೃದಯದ ತೊಂದರೆ ಇರುತ್ತದೆ. ಇದಕ್ಕೆ ನಿಯಮದಲ್ಲಿ ಒಂದು ಕಿಂಡಿಯಿದೆ. ಸಮೂಹ ಪಾಲಿಸಿಯ ಸದಸ್ಯನು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬಹುದು. ಸಮೂಹದಲ್ಲಿ ಕಳೆದ ವರ್ಷಗಳನ್ನು ಕಾಯುವ ಅವಧಿಯಲ್ಲಿ ಜಮೆ ಮಾಡಿಕೊಡಬೇಕು. ಆದರೆ ಕಂಪನಿ ಹೊಸದಾಗಿ ಪರಿಶೀಲಿಸುವ, ಕಂತು ಹೆಚ್ಚಿಸುವ ಸಾಧ್ಯತೆ ಇದ್ದೇ ಇದೆ. ರಾಜೀನಾಮೆ ಪತ್ರ ಕೊಟ್ಟ ವಾರವೇ ಈ ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಬೇಕು, ಕೊನೆಯ ದಿನದ ಬೀಳ್ಕೊಡುಗೆಯ ಗಡಿಬಿಡಿಯಲ್ಲಿ ಅಲ್ಲ.

ಇದಕ್ಕಿಂತ ಮೇಲಾದ ಮಾರ್ಗ, ನೌಕರಿಯಲ್ಲಿರುವಾಗಲೇ ಸ್ವಂತ ಪಾಲಿಸಿಯೊಂದನ್ನು ತೆರೆದಿಡುವುದು. ಕಚೇರಿಯದು ಇರುವಾಗ ಎರಡನೆಯದೇಕೆ ಎಂದು ತರುಣರು ಕೇಳುತ್ತಾರೆ. ಲೆಕ್ಕ ಹೀಗಿದೆ. ಮೊದಲೇ ಇದ್ದ ಕಾಯಿಲೆಗಳಿಗೆ ಗರಿಷ್ಠ ಕಾಯುವ ಅವಧಿಯನ್ನು 2024ರ ಏಪ್ರಿಲ್‌ನಿಂದ 48 ತಿಂಗಳಿಂದ 36 ತಿಂಗಳಿಗೆ ಇಳಿಸಲಾಗಿದೆ. ಸತತ 60 ತಿಂಗಳು ಪಾಲಿಸಿ ನಡೆಸಿದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು ಪರಿಹಾರ ನಿರಾಕರಿಸುವಂತಿಲ್ಲ. ಈ ವರ್ಷಗಳನ್ನು ಕಚೇರಿಯ ಪಾಲಿಸಿಯ ನೆರಳಿನಲ್ಲಿ ಕಳೆದುಬಿಟ್ಟರೆ, ನೌಕರಿ ಬಿಡುವ ಹೊತ್ತಿಗೆ ಸ್ವಂತ ಪಾಲಿಸಿ ಬಲಿತಿರುತ್ತದೆ. ಇಡೀ ಮೊತ್ತಕ್ಕೆ ಕಂತು ಭಾರವೆನಿಸಿದರೆ, ಇಷ್ಟು ಲಕ್ಷ ದಾಟಿದ ಬಿಲ್ಲಿಗೆ ಮಾತ್ರ ಹಣ ಕೊಡುವ ಸೂಪರ್ ಟಾಪ್‌-ಅಪ್ ಪಾಲಿಸಿ ಅಗ್ಗ. ಆದರೆ ಅದರ ಕೆಳಗಿನ ಮೆಟ್ಟಿಲು ಕಚೇರಿಯ ಪಾಲಿಸಿಯೇ ಆಗಿದ್ದರೆ, ನೌಕರಿ ಹೋದಾಗ ಆ ಮೆಟ್ಟಿಲು ನಿಮ್ಮ ಕಿಸೆಯಾಗುತ್ತದೆ.

ಈಗ ಸಂಬಳ ಕೊಡುವವರ ಕಡೆಗೆ ತಿರುಗುತ್ತೇನೆ. ಅವರು ಅಸಮಾಧಾನಪಡಬಾರದು.

ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ, ಈ ದೇಶದ ಮೊದಲ ದೊಡ್ಡ ಸಮೂಹ ಆರೋಗ್ಯ ವಿಮೆ. ಪ್ರೊ. ಬಿ.ಪಿ. ಅಡಾರ್ಕರ್ ಅವರ 1944ರ ವರದಿಯಿಂದ 1948ರ ಕಾಯ್ದೆ ಹುಟ್ಟಿತು, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಅದನ್ನು ಉದ್ಘಾಟಿಸಿದರು. ಇಂದು ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಾರೆ. ನೌಕರನಿಂದ ಶೇಕಡಾ 0.75, ಮಾಲೀಕನಿಂದ ಶೇಕಡಾ 3.25. ಇಪ್ಪತ್ತೊಂದು ಸಾವಿರದ ಸಂಬಳಕ್ಕೆ ಇಬ್ಬರದೂ ಸೇರಿ ತಿಂಗಳಿಗೆ 840 ರೂಪಾಯಿ. ಅದಕ್ಕೆ ಕುಟುಂಬಕ್ಕೆ ಚಿಕಿತ್ಸೆ, ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಶೇಕಡಾ 70 ವೇತನ, ಹೆರಿಗೆಗೆ 26 ವಾರ ಪೂರ್ಣ ವೇತನ. ಇಎಸ್‌ಐ ಆಸ್ಪತ್ರೆಗಳ ಸಾಲು, ಔಷಧದ ಕೊರತೆ ನನಗೂ ಗೊತ್ತು. ಆದರೂ ಈ ಬೆಲೆಗೆ ಇಷ್ಟನ್ನು ಕೊಡುವ ಖಾಸಗಿ ಪಾಲಿಸಿಯನ್ನು ನಾನು ಕಂಡಿಲ್ಲ.

21,000ದ ಮಿತಿಯನ್ನು ನಿಗದಿಪಡಿಸಿದ್ದು 2017ರ ಜನವರಿಯಲ್ಲಿ. ಮುಂಬಯಿಯಲ್ಲಿ ಅಂದಿನ ಬಾಡಿಗೆಯೆಷ್ಟು, ಇಂದಿನದೆಷ್ಟು ಎಂದು ನಿಮಗೆ ಹೇಳಬೇಕಾಗಿಲ್ಲ. 22,000 ಸಂಬಳದ ಗುಮಾಸ್ತ ಇಎಸ್‌ಐನಿಂದ ಹೊರಗೆ. ಮಾಲೀಕ ಸಮೂಹ ಪಾಲಿಸಿ ಮಾಡಿಸದಿದ್ದರೆ ಅವನಿಗೆ ಯಾವ ರಕ್ಷಣೆಯೂ ಇಲ್ಲ. ಬಡವರ ಯೋಜನೆಗೂ ಸೇರದ, ಖಾಸಗಿ ವಿಮೆಗೂ ಕೈಯೆಟುಕದ ಇಂತಹ ನಡುವಿನವರು ದೇಶದ ಜನಸಂಖ್ಯೆಯಲ್ಲಿ ಕನಿಷ್ಠ ಶೇಕಡಾ 30 ಎಂದು ನೀತಿ ಆಯೋಗವೇ 2021ರ ವರದಿಯಲ್ಲಿ ಅಂದಾಜಿಸಿತ್ತು. ಸರ್ಕಾರ ಆ ಮಿತಿಯನ್ನು ಏರಿಸಬೇಕು. ಅಲ್ಲಿಯವರೆಗೆ, ಸಂಬಳವನ್ನು 21,000 ದಾಟಿಸಿ ‘ನಿನಗೆ ಬಡ್ತಿ ಕೊಟ್ಟೆ’ ಎನ್ನುವ ಮಾಲೀಕನು, ಆ ಬಡ್ತಿಯೊಡನೆ ಅವನ ಹೆಂಡತಿ ಮಕ್ಕಳ ಚಿಕಿತ್ಸೆಯೂ ಹೋಯಿತೆಂಬುದನ್ನು ಅರಿತಿರಬೇಕು. ದಾಖಲೆಯಲ್ಲಿ ಒಂಬತ್ತು ಜನರನ್ನು ತೋರಿಸಿ ಅಂಗಡಿಯಲ್ಲಿ ಹದಿನಾಲ್ಕು ಜನರನ್ನು ದುಡಿಸುವ ಪದ್ಧತಿಯ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ಇದ್ದವರಿಗೆ ಗೊತ್ತಿದೆ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳೂ ನೌಕರರ ಒಪ್ಪಿಗೆಯೊಂದಿಗೆ ಸ್ವಇಚ್ಛೆಯಿಂದ ಇಎಸ್‌ಐ ಸೇರಲು ಅವಕಾಶವಿದೆ. ನಮ್ಮ ಸಣ್ಣ ಅಂಗಡಿ, ಮುದ್ರಣಾಲಯ, ಉಪಾಹಾರ ಗೃಹಗಳಿಗೆ ಇದು ಒಳ್ಳೆಯ ಸುದ್ದಿ. ವೇತನದ ಹೊಸ ವ್ಯಾಖ್ಯೆಯಂತೆ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೇ. ಆದ್ದರಿಂದ ಗ್ರಾಚ್ಯುಟಿಯ ಹೊರೆ ಹೆಚ್ಚುತ್ತದೆ. ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಅದರ ಹಕ್ಕು ಬಂದಿದೆ. 26,000 ವೇತನದಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಸಲ್ಲಬೇಕಾದದ್ದು 3 ಲಕ್ಷ. ಇಂತಹ ಐವರು ಒಂದೇ ವರ್ಷ ನಿವೃತ್ತರಾದರೆ ಅಂಗಡಿಯ ದಾಸ್ತಾನು ಮಾರಬೇಕಾದೀತು. ವರ್ಷವರ್ಷವೂ ಸಮೂಹ ಗ್ರಾಚ್ಯುಟಿ ನಿಧಿಗೆ ಸ್ವಲ್ಪ ಸ್ವಲ್ಪ ಕಟ್ಟಿಡುವುದು ವ್ಯಾಪಾರದ ವಿವೇಕ. ಮನೆಮನೆಗೆ ಸಾಮಾನು ತಲುಪಿಸುವ ಹುಡುಗರಿಗಾಗಿ ಆ್ಯಪ್ ಕಂಪನಿಗಳು ವಾರ್ಷಿಕ ವಹಿವಾಟಿನ ಶೇಕಡಾ 1ರಿಂದ 2ರಷ್ಟನ್ನು ಕೊಡಬೇಕೆಂದು ಸಂಹಿತೆ ಹೇಳುತ್ತದೆ. ಕರ್ನಾಟಕವು 2025ರಲ್ಲಿ ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿದೆ. ಹಣ ಅವರ ಕೈಗೆ ಯಾವ ರೂಪದಲ್ಲಿ ತಲುಪುತ್ತದೆ ಎಂಬುದನ್ನು ಕಾದು ನೋಡಬೇಕು.

ಮಾನಸಿಕ ಆರೋಗ್ಯದ ಬಗ್ಗೆ ಎರಡು ಮಾತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದು ವಿಧಿಸಿದೆ. ಅನೇಕ ಕಚೇರಿಗಳು ಗೋಪ್ಯ ಆಪ್ತಸಮಾಲೋಚನೆಯನ್ನೂ ಒದಗಿಸುತ್ತಿವೆ. ‘ನಾಲ್ಕು ಜನಕ್ಕೆ ತಿಳಿದರೆ ಮಗಳ ಸಂಬಂಧ ಏನಾದೀತು’ ಎಂಬ ಹೆದರಿಕೆಯಿಂದ ನಮ್ಮವರು ಈ ಸೌಲಭ್ಯವನ್ನು ಬಳಸುವುದೇ ಇಲ್ಲ. ಹೊಸ ಸೌಲಭ್ಯಗಳಲ್ಲಿ ನಿಜವಾಗಿಯೂ ಬೆಲೆಯುಳ್ಳದ್ದು ಇದೊಂದೇ ಎಂದು ನನ್ನ ಅಭಿಪ್ರಾಯ.

ನಮ್ಮ ಸಂಘದ ಹೆಸರಿನಲ್ಲೇ ಸಮಾಜದ ಎಲ್ಲರಿಗೂ ಸಮೂಹ ಪಾಲಿಸಿ ಮಾಡಿಸಬಾರದೇ ಎಂದು ತರುಣ ಮಿತ್ರರು ಊಟದ ಸಮಯದಲ್ಲಿ ಕೇಳಿದರು. ಮಾಡಿಸಬಹುದು. ವಿಮೆಗಾಗಿಯೇ ಕಟ್ಟಿದ ಗುಂಪಾಗಿರಬಾರದು, ಕಂಪನಿ ವಿಧಿಸಿದ ಕಂತಿಗಿಂತ ಒಂದು ರೂಪಾಯಿಯನ್ನೂ ಹೆಚ್ಚಾಗಿ ಸಂಗ್ರಹಿಸಬಾರದು ಎಂಬ ನಿಯಮಗಳಿವೆ. ಆದರೆ ಅಪಾಯವನ್ನು ಅರಿತು ಮುಂದುವರಿಯಿರಿ. ಸ್ವಯಂಸೇರ್ಪಡೆಯ ಗುಂಪಿಗೆ ಮೊದಲು ಓಡಿಬರುವವರು ಕಾಯಿಲೆಯುಳ್ಳವರು. ತರುಣರು ‘ಆಮೇಲೆ ನೋಡೋಣ’ ಎನ್ನುತ್ತಾರೆ. ಎರಡನೆಯ ವರ್ಷ ಕಂತು ಏರುತ್ತದೆ, ಇದ್ದ ತರುಣರೂ ಬಿಡುತ್ತಾರೆ, ಮೂರನೆಯ ವರ್ಷ ಕಂಪನಿಯೇ ನವೀಕರಿಸಲು ಹಿಂಜರಿಯುತ್ತದೆ. ಅಷ್ಟರಲ್ಲಿ ಅದನ್ನೇ ನಂಬಿ ಸ್ವಂತ ಪಾಲಿಸಿ ಬಿಟ್ಟಿದ್ದ ಹಿರಿಯರು ಬೀದಿಯಲ್ಲಿರುತ್ತಾರೆ. ತರುಣರನ್ನು ಸೇರಿಸಿ, ಕನಿಷ್ಠ ಐದು ವರ್ಷ ಉಳಿಸಿಕೊಳ್ಳುವ ಭರವಸೆ ನಮ್ಮಲ್ಲಿದ್ದರೆ ಮಾತ್ರ ಇದಕ್ಕೆ ಕೈಹಾಕಬೇಕು.

ಕೊನೆಯದಾಗಿ, ಈ ಸಭೆಯ ತಾಯಂದಿರಿಗೆ. ಭವಿಷ್ಯನಿಧಿಯ ಸದಸ್ಯನು ನೌಕರಿಯಲ್ಲಿರುವಾಗಲೇ ತೀರಿಕೊಂಡರೆ, 1976ರ ಠೇವಣಿ ಸಂಯೋಜಿತ ವಿಮಾ ಯೋಜನೆಯಡಿ ಕುಟುಂಬಕ್ಕೆ 7 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ಇದಕ್ಕಾಗಿ ನೌಕರನ ಸಂಬಳದಿಂದ ಏನನ್ನೂ ಕಡಿತ ಮಾಡುವುದಿಲ್ಲ, ಮಾಲೀಕನೇ ಕಟ್ಟುತ್ತಾನೆ. ಕಡಿತವಾಗದ ಕಾರಣ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ, ಕಾಣದ ಕಾರಣ ಮನೆಯವರಿಗೆ ತಿಳಿದಿರುವುದಿಲ್ಲ. ಕೇಳಬೇಕಾದ ಅರ್ಜಿ ನಮೂನೆ 5 ಐಎಫ್. ಕಚೇರಿಯ ಸಮೂಹ ಜೀವ ವಿಮೆಯಿದ್ದರೆ ಅದು ಬೇರೆ, ಗ್ರಾಚ್ಯುಟಿ ಬೇರೆ, ಭವಿಷ್ಯನಿಧಿಯ ಹಣ ಮತ್ತು ಕುಟುಂಬ ಪಿಂಚಣಿ ಬೇರೆ. ಇವೆಲ್ಲಕ್ಕೂ ಪ್ರತ್ಯೇಕ ನಾಮನಿರ್ದೇಶನಗಳಿವೆ. ಮದುವೆಗೆ ಮುಂಚೆ ಬರೆದದ್ದನ್ನು ಮದುವೆಯಾದ ಮೇಲೆ ಹೊಸದಾಗಿ ಬರೆಯಬೇಕು. ಇಂದು ರಾತ್ರಿ ಮನೆಗೆ ಹೋದ ಮೇಲೆ ಯಜಮಾನರ ಯುಎಎನ್ ಸಂಖ್ಯೆ, ಕಚೇರಿಯ ಆರೋಗ್ಯ ಕಾರ್ಡಿನ ಪ್ರತಿ, ನಾಮನಿರ್ದೇಶನ ಯಾರ ಹೆಸರಿನಲ್ಲಿದೆ ಎಂಬ ವಿವರ, ಈ ಮೂರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಕಪಾಟಿನಲ್ಲಿಡಿ. ಉದ್ಯೋಗಸ್ಥ ಸಹೋದರಿಯರು ತಮ್ಮದನ್ನು ಬರೆದು ಪತಿಯ ಕೈಗೆ ಕೊಡಿ. ಇನ್ನು ನಿಮ್ಮ ಪ್ರಶ್ನೆಗಳಿಗೆ ಸಮಯವಿದೆ.